ಒಂಟಿಗೈಯ ಸೇನಾನಿ ಸ್ಯಾಮ್ ಬ್ರೌನ್

ಕಿತ್ತೂರ ರಾಣಿ ಚೆನ್ನಮ್ಮನ ನಾಟಕವು ನಮ್ಮ ಭಾಗದ ಶಾಲೆಗಳ ಸ್ನೇಹಸಮ್ಮೇಳನಗಳಲ್ಲಿ ಮತ್ತೆ ಮತ್ತೆ ರಂಗವೇರುವಂಥದು. ರಟ್ಟಿನ ಕವಚ, ಬೇಗಡೆ ಸುತ್ತಿದ ಖಡ್ಗ, ಬಣ್ಣ ಬಳಿದ ಶಿರಸ್ತ್ರಾಣ ಇವೆಲ್ಲ ವಿದ್ಯಾರ್ಥಿಗಳ ಕೈಯಿಂದಲೇ ಸಿದ್ಧಗೊಳ್ಳುತ್ತವೆ. ಕಲೆಕ್ಟರ್ ಥ್ಯಾಕರೆಯ ಪಾತ್ರಧಾರಿಗೆ ಸೊಂಟಕ್ಕೊಂದು ಅಗಲವಾದ ಪಟ್ಟಿ, ಬಲ ಹೆಗಲಿನಿಂದ ಎದೆಯ ಮೇಲೆ ಓರೆಯಾಗಿ ಇಳಿಯುವ ಮತ್ತೊಂದು ಪಟ್ಟಿ, ಪಕ್ಕದಲ್ಲಿ ಪಿಸ್ತೂಲಿನ ಒರೆ ತೊಡಿಸುವುದುಂಟು. ಆಂಗ್ಲ ಅಧಿಕಾರಿಯೆಂದರೆ ಪ್ರೇಕ್ಷಕರ ಕಣ್ಣಿಗೆ ಕಟ್ಟುವುದು ಈ ವೇಷವೇ. ಆದರೆ ೧೮೨೪ರ ಅಕ್ಟೋಬರ್ ೨೩ರಂದು ಥ್ಯಾಕರೆ ಕಿತ್ತೂರಿನಲ್ಲಿ ಹತನಾದಾಗ, ಆ ಪಟ್ಟಿಗೆ ಹೆಸರನ್ನಿತ್ತ ಪುರುಷನು ಕೇವಲ ಇಪ್ಪತ್ತು ದಿನಗಳ ಹಸುಗೂಸಾಗಿದ್ದನು. ಅಂದಿನ ಅಧಿಕಾರಿಗಳು ಖಡ್ಗವನ್ನು ಅಡ್ಡಹೆಗಲ ಪಟ್ಟಿಯಲ್ಲಿ ತೂಗಿಕೊಳ್ಳುತ್ತಿದ್ದುದು ನಿಜ. ಸೊಂಟಪಟ್ಟಿಯೂ ಹೆಗಲಪಟ್ಟಿಯೂ ಒಂದಾಗಿ ಬೆಸೆದ ಈ ಸಾಧನ ಮಾತ್ರ ಇನ್ನೂ ಹುಟ್ಟಿರಲಿಲ್ಲ. ಅದರ ಹಿಂದಿರುವ ಬಾಳಿನ ಕಥೆ ಮನನಯೋಗ್ಯವಾದುದು.

ಸ್ಯಾಮ್ಯುಯೆಲ್ ಜೇಮ್ಸ್ ಬ್ರೌನನು ೧೮೨೪ರ ಅಕ್ಟೋಬರ್ ೩ರಂದು ಬಂಗಾಳದ ಬ್ಯಾರಕ್‌ಪುರದಲ್ಲಿ ಜನಿಸಿದನು. ತಂದೆ ಜಾನ್ ಬ್ರೌನ್ ಕಂಪನಿಯ ವೈದ್ಯಕೀಯ ಸೇವೆಯಲ್ಲಿದ್ದವನು. ಶಿಶುವಿಗೆ ತಿಂಗಳು ತುಂಬುವ ಹೊತ್ತಿಗೆ, ನವೆಂಬರ್ ೨ರಂದು, ಅದೇ ಊರಿನ ಕವಾಯತು ಮೈದಾನದಲ್ಲಿ ಘೋರವಾದ ಘಟನೆಯೊಂದು ನಡೆಯಿತು. ಬರ್ಮಾ ಯುದ್ಧಕ್ಕೆ ಹೊರಡಬೇಕೆಂದು ಆಜ್ಞೆಯಾಗಿದ್ದ ನಲವತ್ತೇಳನೆಯ ಪದಾತಿದಳದ ದೇಶೀ ಸಿಪಾಯಿಗಳು, ತಮ್ಮ ಸಾಮಾನು ಸಾಗಿಸಲು ಎತ್ತುಗಳಿಲ್ಲವೆಂದೂ ಬೆನ್ನಚೀಲಗಳು ಹರಿದಿವೆಯೆಂದೂ ಮೊರೆಯಿಟ್ಟು, ಮುನ್ನಡೆಯಲು ನಿರಾಕರಿಸಿದ್ದರು. ಅವರ ಮೇಲೆ ಫಿರಂಗಿಗಳು ಹಾರಿದವು. ಯೋಧನು ತನ್ನ ಭಾರವನ್ನು ಹೇಗೆ ಹೊರಬೇಕೆಂಬ ಪ್ರಶ್ನೆ ಅಂದು ರಕ್ತದಲ್ಲಿ ಮುಳುಗಿಹೋಯಿತು. ಅದೇ ಪ್ರಶ್ನೆಗೆ ಬೇರೊಂದು ಬಗೆಯ ಉತ್ತರವನ್ನು ಕಂಡುಕೊಳ್ಳುವವನು ಅದೇ ಊರಿನ ತೊಟ್ಟಿಲಲ್ಲಿ ಮಲಗಿದ್ದುದು ಇತಿಹಾಸದ ವೈಚಿತ್ರ್ಯ.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ೧೮೪೦ರಲ್ಲಿ ಮರಳಿದ ಬ್ರೌನನು ಬಂಗಾಳದ ನಲವತ್ತಾರನೆಯ ದೇಶೀ ಪದಾತಿದಳವನ್ನು ಸೇರಿದನು. ಎರಡನೆಯ ಸಿಖ್ ಯುದ್ಧದಲ್ಲಿ ಚಿಲಿಯನ್‌ವಾಲಾ ಮತ್ತು ಗುಜರಾತ್ ಕದನಗಳನ್ನು ಕಂಡನು. ೧೮೪೯ರಲ್ಲಿ ಪಂಜಾಬಿನ ಎರಡನೆಯ ಅಶ್ವದಳದ ಸಂಘಟನೆಯಲ್ಲಿ ಅವನಿಗೆ ಹೊಣೆ ದೊರೆಯಿತು. ಮುಂದೆ ಅದರ ನಾಯಕತ್ವವೂ ಲಭಿಸಿತು. ವಾಯವ್ಯ ಗಡಿಯ ಬೆಟ್ಟಗಾಡಿನಲ್ಲಿ ಆ ದಳದೊಡನೆ ಕಳೆದ ವರ್ಷಗಳು ಅವನನ್ನು ಪಳಗಿದ ಸವಾರನನ್ನಾಗಿ ಮಾಡಿದವು. ಆ ದಳವು ಮುಂದೆ ಅವನ ಹೆಸರನ್ನೇ ಧರಿಸಿತು.

೧೮೫೭ರಲ್ಲಿ ಭಾರತೀಯರು ಪರಕೀಯರ ಆಳ್ವಿಕೆಯ ವಿರುದ್ಧ ಸಿಡಿದೆದ್ದಾಗ ಬ್ರೌನನು ನಿಂತುದು ಆಳುವವರ ಪಕ್ಷದಲ್ಲಿ. ಈ ಮಾತನ್ನು ಮರೆಮಾಚದೆ ಹೇಳಬೇಕು. ೧೮೫೮ರ ಆಗಸ್ಟ್ ೩೧ರಂದು ಪೀಲಿಭೀತಿನ ಸಮೀಪದ ಸಿರ್ಪುರಾದಲ್ಲಿ, ಬೆಳಗಿನ ಜಾವದಲ್ಲಿ, ಕ್ರಾಂತಿಕಾರರ ನೆಲೆಯ ಮೇಲೆ ದಾಳಿ ನಡೆಯಿತು. ದಾರಿಯನ್ನು ಕಾಯುತ್ತಿದ್ದ ಒಂಬತ್ತು ಪೌಂಡಿನ ಫಿರಂಗಿಯೊಂದರ ಮೇಲೆ ಬ್ರೌನನು ಒಬ್ಬನೇ ಒಬ್ಬ ಸವಾರನೊಡನೆ ಎರಗಿದನು. ಗೋಲಂದಾಜರು ಮತ್ತೆ ಮದ್ದು ತುಂಬದಂತೆ ತಡೆಯುವುದು ಅವನ ಉದ್ದೇಶ. ಕೈಕೈ ಮಿಲಾಯಿಸಿದ ಆ ಕಾಳಗದಲ್ಲಿ ಮೊದಲ ಏಟು ಅವನ ಎಡ ಮೊಣಕಾಲನ್ನು ಸೀಳಿತು. ಎರಡನೆಯ ಏಟು ಎಡತೋಳನ್ನು ಹೆಗಲಿನ ಬಳಿಯೇ ಕತ್ತರಿಸಿತು. ಫಿರಂಗಿ ಹಾರಲಿಲ್ಲ. ಬ್ರೌನನು ಬದುಕಿ ಉಳಿದನು.

೧೮೬೧ರಲ್ಲಿ ಅವನಿಗೆ ವಿಕ್ಟೋರಿಯಾ ಕ್ರಾಸ್ ಪದಕ ಸಂದಿತು. ಜೊತೆಯಲ್ಲಿ ನುಗ್ಗಿದ ಸವಾರನ ಮಾತೇನು? ಪದಕದ ಪ್ರಶಸ್ತಿಪತ್ರದಲ್ಲಿ ಅವನು ಬರಿಯ ಒಬ್ಬ ಸವಾರ, ಅವನಿಗೊಂದು ಹೆಸರಿಲ್ಲ. ಭಾರತೀಯ ಯೋಧರಿಗೆ ಆ ಪದಕವನ್ನು ಪಡೆಯುವ ಅರ್ಹತೆ ಒದಗಿದುದೇ ೧೯೧೧ರಲ್ಲಿ. ತೋಳನ್ನು ಕತ್ತರಿಸಿದ ಖಡ್ಗಧಾರಿಯೂ ಅನಾಮಧೇಯನೇ. ಒಂದೇ ಮುಂಜಾವಿನಲ್ಲಿ ಒಂದೇ ಫಿರಂಗಿಯ ಸುತ್ತ ಸಮಾನ ಶೌರ್ಯ ತೋರಿದವರಲ್ಲಿ ಒಬ್ಬನ ಹೆಸರು ಮಾತ್ರ ಲೋಕಕ್ಕೆ ಉಳಿಯಿತು.

ಒಂಟಿಗೈಯವನಾದ ಅಶ್ವಾರೋಹಿಗೆ ಎದುರಾದ ತೊಡಕು ಸಣ್ಣದೆಂದು ತೋರಿದರೂ ಪ್ರಾಣಾಂತಿಕವಾದುದು. ಅಂದು ಅಶ್ವದಳದ ಖಡ್ಗದ ಒರೆಯು ಸೊಂಟಪಟ್ಟಿಯಿಂದ ಸಡಿಲವಾಗಿ ಎಡಬದಿಗೆ ತೂಗುತ್ತಿತ್ತು. ಎಡಗೈಯಿಂದ ಒರೆಯನ್ನು ಬಿಗಿಹಿಡಿದು ಬಲಗೈಯಿಂದ ಖಡ್ಗವನ್ನು ಹಿರಿಯಬೇಕು. ಎಡಗೈಯೇ ಇಲ್ಲದವನು ಹಿರಿಯಹೋದರೆ ಖಡ್ಗದೊಡನೆ ಒರೆಯೂ ಮೇಲೆದ್ದು ಬರುತ್ತದೆ. ಬ್ರೌನನು ಕಂಡುಕೊಂಡ ಪರಿಹಾರ ಸರಳವಾದುದು. ಅಗಲವಾದ ಸೊಂಟಪಟ್ಟಿಯ ಎಡಭಾಗದಲ್ಲಿ ಮುಂದೊಂದು ಹಿಂದೊಂದು ಬಳೆ. ಅವೆರಡನ್ನೂ ಬಲ ಹೆಗಲ ಮೇಲೆ ಹಾಯ್ದು ಕೂಡಿಸುವ ಕಿರಿದಾದ ಪಟ್ಟಿ. ಇದರಿಂದ ಖಡ್ಗದ ಭಾರವನ್ನು ಎದುರು ಬದಿಯ ಹೆಗಲು ಹೊತ್ತಿತು, ಒರೆ ಓಲಾಡದೆ ನಿಂತಿತು. ಬಲಬದಿಯಲ್ಲಿ ಮುಚ್ಚಳವುಳ್ಳ ಒರೆಯಲ್ಲಿ ಪಿಸ್ತೂಲು ಭದ್ರವಾಗಿ ಕುಳಿತಿತು. ಇಲ್ಲದ ಕೈಯ ಕೆಲಸವನ್ನು ಒಂದು ಚರ್ಮದ ಪಟ್ಟಿ ಮಾಡತೊಡಗಿತು.

ರಟ್ಟಿನ ಕವಚ ಸಿದ್ಧಪಡಿಸುವ ನಮ್ಮ ಬಾಲಕರಿಗೂ ಇದರಲ್ಲಿ ಪಾಠವಿದೆ. ಪಿಸ್ತೂಲಿನ ಒರೆಯನ್ನು ನೇರವಾಗಿ ರಟ್ಟಿಗೇ ಅಂಟಿಸಿದರೆ ಎರಡು ಹೆಜ್ಜೆ ಓಡುವಷ್ಟರಲ್ಲಿ ರಟ್ಟು ಹರಿಯುತ್ತದೆ. ಪಟ್ಟಿಯನ್ನು ಕವಚದ ಮೇಲೆ ಸುಮ್ಮನೆ ಬಿಗಿದರೆ ಅದು ಜಾರುತ್ತದೆ. ಪಟ್ಟಿಯು ಕವಚದ ಒಳಗೆ ಮೈಗೆ ಹೊಂದಿಕೊಂಡಿರಬೇಕು. ರಟ್ಟಿನಲ್ಲಿ ಸೀಳು ಮಾಡಿ ಒರೆಯ ಕುಣಿಕೆಯನ್ನು ಆ ಪಟ್ಟಿಗೇ ಸಿಕ್ಕಿಸಬೇಕು. ಭಾರ ತೂಗುವ ಬದಿಗೆ ಎದುರಾದ ಹೆಗಲಿನಿಂದ ಇನ್ನೊಂದು ಪಟ್ಟಿ ಅದನ್ನು ಎತ್ತಿ ಹಿಡಿಯಬೇಕು. ಕವಚವು ನೋಟಕ್ಕೆ, ಭಾರವು ದೇಹಕ್ಕೆ ಎಂಬ ತತ್ತ್ವವನ್ನು ಅರಿತವನ ವೇಷ ಕೊನೆಯ ಅಂಕದವರೆಗೂ ಕಳಚುವುದಿಲ್ಲ.

ತೋಳು ಹೋದ ಮೇಲೂ ಬ್ರೌನನು ಸೇನೆಯನ್ನು ತೊರೆಯಲಿಲ್ಲ. ಎರಡನೆಯ ಆಫ್ಘನ್ ಯುದ್ಧದಲ್ಲಿ ಪೇಶಾವರ ಕಣಿವೆಯ ಸೇನೆಯನ್ನು ನಡೆಸಿ, ೧೮೭೮ರ ನವೆಂಬರಿನಲ್ಲಿ ಖೈಬರ್ ಕಣಿವೆಯ ಅಲಿ ಮಸೀದಿ ಕೋಟೆಯನ್ನು ಮುತ್ತಿದನು. ಮೊದಲ ದಿನದ ದಾಳಿ ಫಲಿಸಲಿಲ್ಲವಾದರೂ ರಾತ್ರಿಯಲ್ಲಿ ಆಫ್ಘನರು ಕೋಟೆಯನ್ನು ತೆರವು ಮಾಡಿದುದರಿಂದ ದಾರಿ ತೆರೆಯಿತು. ೧೮೮೮ರಲ್ಲಿ ಜನರಲ್ ಪದವಿಗೇರಿದನು. ೧೯೦೧ರ ಮಾರ್ಚ್ ೧೪ರಂದು, ಎಪ್ಪತ್ತಾರರ ವಯಸ್ಸಿನಲ್ಲಿ, ಇಂಗ್ಲೆಂಡಿನ ವೈಟ್ ದ್ವೀಪದ ರೈಡ್ ಪಟ್ಟಣದಲ್ಲಿ ಕಾಲವಶನಾದನು.

ಅವನ ಪಟ್ಟಿಯನ್ನು ಮೊದಲು ಭಾರತದ ಅಶ್ವದಳದ ಅಧಿಕಾರಿಗಳು ಅನುಸರಿಸಿದರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಕಾಲದಲ್ಲಿ ಪದಾತಿದಳದ ಅಧಿಕಾರಿಗಳೂ ಅದನ್ನು ತೊಟ್ಟರು. ಮೊದಲನೆಯ ಮಹಾಯುದ್ಧದ ತರುವಾಯ ಅದು ಅಮೆರಿಕವೂ ಸೇರಿದಂತೆ ಹಲವು ರಾಷ್ಟ್ರಗಳ ಸೈನ್ಯಗಳಲ್ಲಿ ಹರಡಿತು. ಎರಡು ಕೈಗಳೂ ನೆಟ್ಟಗಿದ್ದವರೆಲ್ಲ ಒಂಟಿಗೈಯವನ ಉಪಾಯವನ್ನು ಮೈಮೇಲೆ ಧರಿಸಿದರು. ಖಡ್ಗದ ಕಾಲ ಕಳೆದರೂ, ಸ್ವತಂತ್ರ ಭಾರತದ ಪೊಲೀಸ್ ಅಧಿಕಾರಿಗಳು ಸಮಾರಂಭದ ಸಮವಸ್ತ್ರದಲ್ಲಿ ಅದನ್ನು ಇಂದಿಗೂ ಧರಿಸುತ್ತಾರೆ.

ಬ್ರೌನನು ನಮ್ಮವರ ವಿರುದ್ಧ ಹೋರಾಡಿದವನು. ಅವನನ್ನು ವೀರನೆಂದು ಪೂಜಿಸಬೇಕಾದ ಋಣ ನಮಗಿಲ್ಲ. ಆದರೆ ಕೊರತೆಯೊಂದು ಒದಗಿದಾಗ ಅದನ್ನು ಅಳತೆ ಮಾಡಿ ನೋಡಿ, ಇರುವ ಅಂಗಕ್ಕೆ ಅದರ ಭಾರವನ್ನು ವರ್ಗಾಯಿಸಿ, ಮತ್ತೆ ಕಾರ್ಯಕ್ಕೆ ನಿಲ್ಲುವ ವಿವೇಕಕ್ಕೆ ಪಕ್ಷಭೇದವಿಲ್ಲ. ತರಗತಿಯಲ್ಲಿ ಹಿಂದುಳಿದ ವಿದ್ಯಾರ್ಥಿಯನ್ನು ಕಂಡಾಗ ಅವನಿಗೆ ಇಲ್ಲದುದನ್ನು ಎಣಿಸುವ ಬದಲು, ಇರುವ ಯಾವ ಹೆಗಲು ಅವನ ಭಾರವನ್ನು ಹೊರಬಲ್ಲದೆಂದು ಹುಡುಕುವುದು ಶಿಕ್ಷಕನ ಕೆಲಸ. ಹಾಗೆಯೇ, ಚರಿತ್ರೆಯ ಪಾಠ ಹೇಳುವಾಗ ಪಟ್ಟಿಗೆ ಹೆಸರನ್ನಿತ್ತವನೊಡನೆ, ಪಕ್ಕದಲ್ಲಿ ಕುದುರೆಯೋಡಿಸಿದ ಆ ಹೆಸರಿಲ್ಲದ ಸವಾರನನ್ನೂ, ಎದುರಿಗೆ ನಿಂತು ನೆಲಕ್ಕಾಗಿ ಹೋರಾಡಿದ ಹೆಸರಿಲ್ಲದ ಖಡ್ಗಧಾರಿಯನ್ನೂ ಮಕ್ಕಳಿಗೆ ನೆನಪಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ.