ಕಾಯುವ ಹೊತ್ತನ್ನು ಹಂಚಿದವನು: ಕ್ರಿಸ್ಟೊಫರ್ ಸ್ಟ್ರೇಚಿ

ಸ್ಟ್ರೇಚಿ ಎಂದೊಡನೆ ನಮ್ಮ ಸಾಹಿತ್ಯಾಭ್ಯಾಸಿಗಳ ಮನಸ್ಸಿಗೆ ಬರುವವನು ಜೀವನಚರಿತ್ರೆಯ ರೀತಿಯನ್ನೇ ಬದಲಿಸಿದ ಲಿಟನ್ ಸ್ಟ್ರೇಚಿ. ಅವನ ಅಣ್ಣನ ಮಗ ಕ್ರಿಸ್ಟೊಫರನ ಹೆಸರು ಗಣಕಶಾಸ್ತ್ರದಲ್ಲಿ ಅಷ್ಟೇ ದೊಡ್ಡದು. ಹಲವು ಕೆಲಸಗಳು ಒಂದೇ ಯಂತ್ರವನ್ನು ಹಂಚಿಕೊಂಡಾಗ ಒಂದರ ಭಾರ ಇನ್ನೊಂದನ್ನು ಸ್ತಬ್ಧಗೊಳಿಸದಂತೆ ನೋಡಿಕೊಳ್ಳುವ ವಿದ್ಯೆಯ ಮೊದಲಿಗರಲ್ಲಿ ಅವನೊಬ್ಬ.

1916ರ ನವೆಂಬರ್ 16ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಅವನ ಜನನ. ತಂದೆ ಆಲಿವರ್ ಭಾರತದ ರೈಲ್ವೆಯಲ್ಲಿ ದುಡಿದು, ಮುಂದೆ ಗುಪ್ತಲಿಪಿಗಳನ್ನು ಭೇದಿಸುವುದರಲ್ಲಿ ಹೆಸರಾದವನು. ತಾಯಿ ರೇ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದವಳು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಮನೋವ್ಯಥೆಯಿಂದ ಕ್ರಿಸ್ಟೊಫರನ ವ್ಯಾಸಂಗ ಕುಂಠಿತವಾಯಿತು. ಯುದ್ಧಕಾಲವನ್ನು ರೇಡಿಯೊ ವಾಲ್ವುಗಳ ರಚನೆಯಲ್ಲಿ ಕಳೆದು, ಅನಂತರ ಉಪಾಧ್ಯಾಯನಾಗಿ, 1949ರಲ್ಲಿ ಹ್ಯಾರೊ ಶಾಲೆಯನ್ನು ಸೇರಿದನು.

ಪಾಠ ಹೇಳಿ ಉಳಿದ ವೇಳೆಯಲ್ಲಿ, 1951ರಲ್ಲಿ, ಗಣಕಯಂತ್ರವು ಡ್ರಾಟ್ಸ್ ಎಂಬ ಮಣೆಯಾಟವನ್ನಾಡುವಂತೆ ಆಜ್ಞಾವಳಿಯನ್ನು ಬರೆಯತೊಡಗಿದನು. ಮ್ಯಾಂಚೆಸ್ಟರಿನ ಯಂತ್ರಕ್ಕಾಗಿ ಅವನು ಬರೆದ ಸುದೀರ್ಘ ಆಜ್ಞಾವಳಿಯೊಂದು ಕೊನೆಯಲ್ಲಿ ಬ್ರಿಟನ್ನಿನ ರಾಷ್ಟ್ರಗೀತೆಯನ್ನು ನುಡಿಸಿ ನೋಡುಗರನ್ನು ಬೆರಗುಗೊಳಿಸಿತು. 1952ರಲ್ಲಿ ಶಾಲೆಯನ್ನು ಬಿಟ್ಟು ಗಣಕದ ಕೆಲಸವನ್ನೇ ವೃತ್ತಿಯಾಗಿ ಹಿಡಿದನು.

ಆಗಿನ ಯಂತ್ರಗಳಲ್ಲಿ ಒಂದು ವಿಷಾದವಿತ್ತು. ಲೆಕ್ಕದ ಭಾಗ ಮಿಂಚಿನಂತೆ ಓಡುವುದು. ಕಾರ್ಡನ್ನು ಓದುವುದು, ಟೇಪನ್ನು ಸುತ್ತುವುದು, ಅಚ್ಚುಹಾಕುವುದು ಆಮೆಯ ನಡೆ. ಬಹು ಬೆಲೆಯ ಯಂತ್ರ ಸುಮ್ಮನೆ ಕಾಯುತ್ತಿತ್ತು. 1959ರ ಜೂನ್‌ನಲ್ಲಿ ಪ್ಯಾರಿಸ್ಸಿನ ಯುನೆಸ್ಕೊ ಸಮ್ಮೇಳನದಲ್ಲಿ ಸ್ಟ್ರೇಚಿ ಮಂಡಿಸಿದ ಪ್ರಬಂಧ ಇದಕ್ಕೆ ಪರಿಹಾರ ಸೂಚಿಸಿತು. ಹಲವು ಕೆಲಸಗಳು ಯಂತ್ರದಲ್ಲಿ ಒಟ್ಟಿಗೆ ಇರಲಿ. ಒಂದು ಟೇಪಿಗಾಗಿ ಕಾಯುವಾಗ ಇನ್ನೊಂದು ನಡೆಯಲಿ. ಮೇಲ್ವಿಚಾರಕ ಆಜ್ಞಾವಳಿಯೊಂದು ಸರದಿ ನೋಡಿಕೊಳ್ಳಲಿ. ಒಂದರ ತಪ್ಪು ಇನ್ನೊಂದನ್ನು ಕೆಡಿಸದಿರಲಿ. ದೊಡ್ಡ ಲೆಕ್ಕ ಸಾಗುತ್ತಿರುವಾಗಲೇ ಒಬ್ಬನು ಕುಳಿತು ತನ್ನ ಬರವಣಿಗೆಯ ದೋಷಗಳನ್ನು ತಿದ್ದಿಕೊಳ್ಳಲೂ ಅವಕಾಶವಿರಬೇಕೆಂಬುದು ಅವನ ಆಶಯ.

ಅನೇಕರು ಏಕಕಾಲದಲ್ಲಿ ಯಂತ್ರದೊಡನೆ ಸಂವಾದಿಸುವ ಏರ್ಪಾಡನ್ನು 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಕೊರ್ಬಾಟೊ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅಲ್ಲಿ ಸ್ಮೃತಿಗೂ ಹೊರಗಿನ ಸಂಗ್ರಹಕ್ಕೂ ಕೆಲಸಗಳನ್ನು ಸಾಗಿಸುವುದೇ ಹೊರೆಯಾಯಿತು. ಆದುದರಿಂದ ದೊಡ್ಡ ಗಾತ್ರದ ಕೆಲಸಗಳಿಗೆ ಅಪರೂಪವಾಗಿ, ಆದರೆ ದೀರ್ಘವಾಗಿ, ಸರದಿ. ಸಣ್ಣವಕ್ಕೆ ಬೇಗನೆ, ಕಿರಿದಾಗಿ.

ತೊಡಕು ಇನ್ನೂ ತೀರಿಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನ ಅರ್ಧ ಸುತ್ತಿಗೆ ಸುಮಾರು 4 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಇಂದಿನ ಸಂಸ್ಕಾರಕ ಲಕ್ಷಾಂತರ ಆಜ್ಞೆಗಳನ್ನು ಮುಗಿಸಬಲ್ಲದು. ಒಬ್ಬನು ಭಾರಿ ಕಡತಗಳನ್ನು ನಕಲಿಸತೊಡಗಿದರೆ ಡಿಸ್ಕಿನ ಸಾಲು ಅವನಿಂದಲೇ ತುಂಬಿ, ಒಂದು ಪುಟ ಬೇಕಾದವನೂ ಕಾದು ಸೋಲುವನು. ಒಬ್ಬೊಬ್ಬರಿಗೂ ಬೇರೆ ಸಾಲು, ಸರದಿಯ ಮಿತಿ, ಕಾಯುವುದಕ್ಕೊಂದು ಗಡುವು—ಇವೇ ಮದ್ದು. ಒಟ್ಟು ವೇಗ ತುಸು ತಗ್ಗಿದರೂ ಚಿಂತೆಯಿಲ್ಲ. ಯಾರೂ ಉಪವಾಸ ಬೀಳಬಾರದು.

1965ರಲ್ಲಿ ಸ್ಟ್ರೇಚಿ ಆಕ್ಸ್‌ಫರ್ಡಿನಲ್ಲಿ ಸಂಶೋಧನಾ ತಂಡವೊಂದನ್ನು ಕಟ್ಟಿ, ಡೇನಾ ಸ್ಕಾಟ್ ಜೊತೆಗೂಡಿ ಗಣಕಭಾಷೆಗಳ ಅರ್ಥಕ್ಕೆ ಗಣಿತದ ಆಧಾರ ಒದಗಿಸಿದನು. ಪ್ರಕಟಿಸಿದ್ದು ಸ್ವಲ್ಪ, 1967ರ ಅವನ ಪ್ರಸಿದ್ಧ ಉಪನ್ಯಾಸ ಟಿಪ್ಪಣಿಗಳು ಅಚ್ಚಾದದ್ದು 2000ದಲ್ಲಿ. 1975ರ ಮೇ 18ರಂದು, 58ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಬಿಡುವಿನ ಕ್ಷಣವೂ ಇನ್ನೊಬ್ಬರ ಉಪಯೋಗಕ್ಕೆ ಬರಬೇಕೆಂಬ ಅವನ ವಿಚಾರ ಮಾತ್ರ ಇಂದಿಗೂ ಯಂತ್ರಗಳೊಳಗೆ ದುಡಿಯುತ್ತಿದೆ.