ಜನರಲ್ ಕೆ. ಎಸ್. ತಿಮ್ಮಯ್ಯ (1906–1965): ಜೋಜಿ ಲಾ ಕಣಿವೆಮಾರ್ಗವನ್ನು ತೆರೆದ ಸೇನಾನಿ

ಪೀಠಿಕೆ

ಕರ್ನಾಟಕದಲ್ಲಿ ಸಾಹಸ ಕ್ರೀಡೆಗಳ ತರಬೇತಿಗೆ ಅರ್ಜಿ ಸಲ್ಲಿಸುವ ಪ್ರತಿಯೊಬ್ಬರೂ ಒಂದಲ್ಲ ಒಂದು ಹಂತದಲ್ಲಿ ಜನರಲ್ ತಿಮ್ಮಯ್ಯನವರ ಹೆಸರನ್ನು ಕಾಣುತ್ತಾರೆ. ರಾಜ್ಯದ ರಾಷ್ಟ್ರೀಯ ಸಾಹಸ ಅಕಾಡೆಮಿಯು ಅವರ ಹೆಸರನ್ನೇ ಹೊತ್ತಿದೆ. ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ವೀರರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಪರ್ವತ ಚಾರಣಕ್ಕೂ ಅವರ ಹೆಸರಿಗೂ ಇರುವ ಸಂಬಂಧವು ಅಷ್ಟಾಗಿ ತಿಳಿದಿಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಿಂದ ಇಂದು ಚಾರಣಕ್ಕೆಂದು ಲಡಾಖಿಗೆ ತೆರಳುವ ಯುವಜನರು ಶ್ರೀನಗರದ ಕಡೆಯಿಂದ ಹೋದಲ್ಲಿ ದಾಟಬೇಕಾದ ಜೋಜಿ ಲಾ ಎಂಬ ಎತ್ತರದ ಕಣಿವೆಮಾರ್ಗವು 1948ರಲ್ಲಿ ತಿಂಗಳುಗಟ್ಟಲೆ ಮುಚ್ಚಿಹೋಗಿತ್ತು. ಅದನ್ನು ಪುನಃ ತೆರೆದ ಕಾರ್ಯಾಚರಣೆಯ ನೇತೃತ್ವವನ್ನು ವಹಿಸಿದವರು ಶ್ರೀ ತಿಮ್ಮಯ್ಯನವರು. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು, ವಿಶೇಷವಾಗಿ ಈ ಘಟನೆಯ ವಿವರವನ್ನು, ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಿನಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಅವರದು ಕಾಫಿ ಬೆಳೆಗಾರರ ಕುಟುಂಬ. ತಾಯಿ ಸೀತಮ್ಮನವರು ಸಮಾಜಸೇವೆಯಲ್ಲಿ ತೊಡಗಿಕೊಂಡಿದ್ದವರು. ಗುಡ್ಡದ ಇಳಿಜಾರು, ಘಟ್ಟದ ತಿರುವು, ಮಳೆ ಮತ್ತು ಮಂಜು ಕೊಡಗಿನ ಮಕ್ಕಳಿಗೆ ನಿತ್ಯದ ಸಂಗತಿಗಳು. ಆದರೂ ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳ್ 1,748 ಮೀಟರ್ ಎತ್ತರದ್ದು. ಮುಂದೆ ಅವರು ಎದುರಿಸಬೇಕಾಗಿದ್ದ ಕಣಿವೆಮಾರ್ಗವು ಅದರ ಎರಡರಷ್ಟು ಎತ್ತರದಲ್ಲಿತ್ತು.

ಬಾಲಕ ತಿಮ್ಮಯ್ಯನವರ ಆರಂಭದ ಶಿಕ್ಷಣವು ಕೂನೂರಿನಲ್ಲಿ ನಡೆಯಿತು. ನಂತರ ಅವರು ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯ ವಿದ್ಯಾರ್ಥಿಯಾದರು. ಅಲ್ಲಿಂದ ಡೆಹ್ರಾಡೂನಿನ ಸೈನಿಕ ಕಾಲೇಜಿಗೆ, ತದನಂತರ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಗೆ ಆಯ್ಕೆಯಾಗಿ, 1926ರಲ್ಲಿ ಸೇನಾಧಿಕಾರಿಯಾಗಿ ನಿಯುಕ್ತರಾದರು. ಭಾರತೀಯರಿಗೆ ಅಂದು ಇಂತಹ ಅವಕಾಶಗಳು ಅತ್ಯಂತ ವಿರಳವಾಗಿದ್ದವು.

ಸೇನಾ ಜೀವನದ ಮೊದಲ ಹಂತ

ತಿಮ್ಮಯ್ಯನವರು 19ನೇ ಹೈದರಾಬಾದ್ ರೆಜಿಮೆಂಟಿನಲ್ಲಿ ಸೇವೆ ಸಲ್ಲಿಸಿದರು. ಇದೇ ಮುಂದೆ ಕುಮಾವ್ ರೆಜಿಮೆಂಟ್ ಎಂದು ಹೆಸರಾಯಿತು. 1935ರಲ್ಲಿ ಅವರು ಕೊಡಗಿನವರೇ ಆದ ನೀನಾ ಕಾರ್ಯಪ್ಪನವರನ್ನು ವಿವಾಹವಾದರು. ಅದೇ ವರ್ಷ ಕ್ವೆಟ್ಟಾ ನಗರವನ್ನು ನೆಲಸಮ ಮಾಡಿದ ಭೂಕಂಪದ ಸಂದರ್ಭದಲ್ಲಿ ದಂಪತಿಗಳಿಬ್ಬರೂ ಪರಿಹಾರ ಕಾರ್ಯದಲ್ಲಿ ಶ್ರಮಿಸಿದರು.

ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಪ್ರದೇಶದಲ್ಲಿ ಅವರು ತಮ್ಮ ಬೆಟಾಲಿಯನ್ನನ್ನು ಮುನ್ನಡೆಸಿದರು. ಯುದ್ಧಭೂಮಿಯಲ್ಲಿ ಕಾಲಾಳು ಬ್ರಿಗೇಡೊಂದರ ನಾಯಕತ್ವ ವಹಿಸಿದ ಪ್ರಥಮ ಭಾರತೀಯರೆಂಬ ಹಿರಿಮೆಯೂ ಅವರಿಗೆ ಸಂದಿತು. ಯುದ್ಧಸೇವೆಗಾಗಿ ಅವರಿಗೆ ಡಿ.ಎಸ್.ಒ. ಪದಕವು ಲಭಿಸಿತು.

ಲಡಾಖಿನ ದಾರಿಗಳು ಮತ್ತು 1948ರ ಸಂಕಟ

ಲಡಾಖಿನ ಮುಖ್ಯ ಪಟ್ಟಣವಾದ ಲೇಹ್ ಸಮುದ್ರ ಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. 1948ರಲ್ಲಿ ಅಲ್ಲಿಗೆ ಮೋಟಾರು ರಸ್ತೆಯಿರಲಿಲ್ಲ. ಶ್ರೀನಗರದ ಕಡೆಯಿಂದ ಹೋಗುವವರು ಸೋನಾಮಾರ್ಗ ಮತ್ತು ಬಾಲ್ಟಾಲ್ ಮೂಲಕ ಸಾಗಿ, 3,528 ಮೀಟರ್ ಅಂದರೆ ಸುಮಾರು 11,575 ಅಡಿ ಎತ್ತರದ ಜೋಜಿ ಲಾ ದಾಟಿ, ದ್ರಾಸ್ ಮತ್ತು ಕಾರ್ಗಿಲ್ ಹಾದು ಲೇಹ್ ತಲುಪಬೇಕಾಗಿತ್ತು. ಲಡಾಖಿ ಭಾಷೆಯಲ್ಲಿ ಲಾ ಎಂದರೆ ಕಣಿವೆಮಾರ್ಗ ಎಂದೇ ಅರ್ಥ. ಇನ್ನೊಂದು ದಾರಿಯು ಮನಾಲಿಯಿಂದ ರೋಹ್ತಾಂಗ್, ಬಾರಾಲಾಚಾ ಲಾ ಮುಂತಾದ ಇನ್ನೂ ಎತ್ತರದ ಕಣಿವೆಮಾರ್ಗಗಳನ್ನು ಏರಿ ಇಳಿದು ಸಾಗುತ್ತಿತ್ತು. ಎರಡೂ ದಾರಿಗಳಲ್ಲಿ ಕಾಲ್ನಡಿಗೆ, ಹೇಸರಗತ್ತೆ ಮತ್ತು ಕುದುರೆಗಳೇ ಗತಿ. ಚಳಿಗಾಲದಲ್ಲಿ ಹಿಮ ಬಿದ್ದ ಮೇಲೆ ಸಂಚಾರವು ಬಹುತೇಕ ನಿಂತುಹೋಗುತ್ತಿತ್ತು.

1947ರ ಅಕ್ಟೋಬರಿನಲ್ಲಿ ಕಾಶ್ಮೀರದ ಮೇಲೆ ದಾಳಿ ಆರಂಭವಾದಾಗ ಲೇಹ್ ಪಟ್ಟಣದ ರಕ್ಷಣೆಗೆ ಸಾಕಷ್ಟು ಸೈನ್ಯವಿರಲಿಲ್ಲ. 1948ರ ಫೆಬ್ರವರಿಯಲ್ಲಿ, ಲಾಹೌಲ್ ಪ್ರದೇಶದವರಾದ ಮೇಜರ್ ಪೃಥಿ ಚಂದ್ ಅವರು ಡೋಗ್ರಾ ರೆಜಿಮೆಂಟಿನ ಸ್ವಯಂಸೇವಕರ ಒಂದು ಚಿಕ್ಕ ತಂಡದೊಡನೆ ಹೊರಟು, ನಡುಚಳಿಗಾಲದಲ್ಲಿ ಹಿಮ ತುಂಬಿದ್ದ ಜೋಜಿ ಲಾವನ್ನು ಕಾಲ್ನಡಿಗೆಯಲ್ಲಿ ದಾಟಿದರು. ಮಾರ್ಚ್ 8ರಂದು ಈ ತಂಡವು ಬಂದೂಕು ಮತ್ತು ಮದ್ದುಗುಂಡುಗಳೊಡನೆ ಲೇಹ್ ತಲುಪಿತು. ಭಾರತದ ಪರ್ವತ ನಡಿಗೆಗಳ ಇತಿಹಾಸದಲ್ಲಿ ಇದು ಸ್ಮರಣೀಯ ಅಧ್ಯಾಯವಾಗಿದೆ. ತಂಡದೊಡನೆ ಬಂದಿದ್ದ ಲಡಾಖಿನ ಎಂಜಿನಿಯರ್ ಸೋನಮ್ ನೋರ್ಬು ಅವರು ಸ್ಥಳೀಯ ಜನರ ನೆರವಿನಿಂದ ಲೇಹ್‌ನಲ್ಲಿ ವಿಮಾನ ಇಳಿಯಬಲ್ಲ ಪಟ್ಟಿಯೊಂದನ್ನು ಸಿದ್ಧಪಡಿಸಿದರು.

ಲೇಹ್‌ನಲ್ಲಿ ಇಳಿದ ಪ್ರಥಮ ವಿಮಾನ

1948ರ ಮೇ ತಿಂಗಳಿನಲ್ಲಿ ಮೇಜರ್ ಜನರಲ್ ತಿಮ್ಮಯ್ಯನವರು ಕಾಶ್ಮೀರ ಕಣಿವೆಯಲ್ಲಿದ್ದ ಡಿವಿಷನ್ನಿನ ನಾಯಕತ್ವವನ್ನು ವಹಿಸಿಕೊಂಡರು. ಲಡಾಖಿನ ರಕ್ಷಣೆಯೂ ಅವರ ಹೊಣೆಯಾಯಿತು. ಲೇಹ್‌ಗೆ ವಿಮಾನದಲ್ಲಿ ಸೈನಿಕರನ್ನು ಕಳುಹಿಸಲು ಸಾಧ್ಯವೇ ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ. ಅಂದಿನ ಡಕೋಟಾ ವಿಮಾನಗಳು ಅಷ್ಟು ಎತ್ತರದ ಹಾರಾಟಕ್ಕಾಗಿ ತಯಾರಾದವುಗಳಲ್ಲ. ಆ ದಾರಿಯ ನಕ್ಷೆಗಳೂ ಸಮರ್ಪಕವಾಗಿರಲಿಲ್ಲ.

ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಸ್ವತಃ ವಿಮಾನವನ್ನು ನಡೆಸಿದರು. ತಿಮ್ಮಯ್ಯನವರು ಅದೇ ವಿಮಾನದಲ್ಲಿ ಪ್ರಯಾಣಿಕರಾಗಿ ಕುಳಿತರು. ಆಮ್ಲಜನಕದ ವ್ಯವಸ್ಥೆಯಿಲ್ಲದ ಆ ವಿಮಾನವು ಜೋಜಿ ಲಾ ಮತ್ತು ಅದರಾಚೆಯ ಪರ್ವತಗಳ ಮೇಲೆ ಸುಮಾರು 23,000 ಅಡಿ ಎತ್ತರದಲ್ಲಿ ಹಾರಿ ಲೇಹ್‌ನ ಮರಳು ಪಟ್ಟಿಯ ಮೇಲೆ ಇಳಿಯಿತು. ಇದರ ಬೆನ್ನಲ್ಲೇ ಸೈನಿಕರನ್ನು ವಿಮಾನಗಳಲ್ಲಿ ಸಾಗಿಸುವ ಕಾರ್ಯ ಪ್ರಾರಂಭವಾಯಿತು. ಗೂರ್ಖಾ ರೆಜಿಮೆಂಟಿನ ಮತ್ತೊಂದು ತುಕಡಿಯು ಮನಾಲಿಯಿಂದ ಕಾಲ್ನಡಿಗೆಯಲ್ಲಿ ಹೊರಟು, ಎತ್ತರದ ಕಣಿವೆಮಾರ್ಗಗಳನ್ನು ಒಂದಾದ ಮೇಲೊಂದರಂತೆ ದಾಟಿ ಲೇಹ್ ಸೇರಿತು.

ಮುಚ್ಚಿದ ಕಣಿವೆಮಾರ್ಗ

ಇಷ್ಟಾದರೂ ಸಂಕಟ ತೀರಲಿಲ್ಲ. ದಾಳಿಕೋರರು ಮೇ ತಿಂಗಳಿನಲ್ಲಿ ಕಾರ್ಗಿಲನ್ನು ವಶಪಡಿಸಿಕೊಂಡಿದ್ದರು. ದ್ರಾಸ್ ಮತ್ತು ಜೋಜಿ ಲಾ ಕೂಡ ಅವರ ಕೈಸೇರಿದವು. ದೀರ್ಘಕಾಲ ಮುತ್ತಿಗೆಗೆ ಒಳಗಾಗಿದ್ದ ಸ್ಕರ್ದು ಕೋಟೆಯು ಆಗಸ್ಟ್ ತಿಂಗಳಿನಲ್ಲಿ ಶರಣಾಯಿತು. ವಿಮಾನಗಳು ತಲುಪಿಸುತ್ತಿದ್ದ ಅಲ್ಪ ಸಾಮಗ್ರಿಯಿಂದ ಲೇಹ್‌ನ ಸೈನಿಕರು ಇಡೀ ಚಳಿಗಾಲವನ್ನು ಕಳೆಯುವುದು ಕಷ್ಟವಾಗಿತ್ತು. ಹಿಮ ಬೀಳುವ ಮುನ್ನ ಜೋಜಿ ಲಾ ತೆರೆಯದಿದ್ದಲ್ಲಿ ಲೇಹ್ ಪಟ್ಟಣವನ್ನೂ ಅಲ್ಲಿನ ಜನರನ್ನೂ ಕಳೆದುಕೊಳ್ಳುವ ಅಪಾಯವಿತ್ತು.

ಸೆಪ್ಟೆಂಬರ್ ತಿಂಗಳಿನಲ್ಲಿ ಕಾಲಾಳು ಪಡೆಗಳು ನಡೆಸಿದ ಪ್ರಯತ್ನಗಳು ಫಲಿಸಲಿಲ್ಲ. ಕಣಿವೆಯ ಎರಡೂ ಬದಿಯ ಕಡಿದಾದ ಬಂಡೆಗಳಲ್ಲಿ ಎದುರಾಳಿಗಳು ಗುಹೆ ಮತ್ತು ಬಂಕರುಗಳನ್ನು ಮಾಡಿಕೊಂಡು ಮೆಷಿನ್‌ಗನ್ನುಗಳನ್ನು ಹೂಡಿದ್ದರು. ಕೆಳಗಿನಿಂದ ಏರಿ ಬರುವವರಿಗೆ ಮರೆಯೇ ಇರಲಿಲ್ಲ. ತೆಳುವಾದ ಗಾಳಿಯಲ್ಲಿ ಹೊರೆ ಹೊತ್ತು ಏರುವಾಗ ಉಸಿರು ಕಟ್ಟುತ್ತಿತ್ತು. ಸೈನಿಕರಿಗೆ ಹಿಮಪ್ರದೇಶಕ್ಕೆ ತಕ್ಕ ಉಡುಪುಗಳ ಕೊರತೆಯೂ ಇತ್ತು.

ದಾರಿ ಕಡಿದವರು

ಈ ಸ್ಥಿತಿಯಲ್ಲಿ ತಿಮ್ಮಯ್ಯನವರು ಟ್ಯಾಂಕುಗಳನ್ನು ಕಣಿವೆಮಾರ್ಗಕ್ಕೆ ಏರಿಸುವ ಯೋಜನೆಯನ್ನು ಕೈಗೆತ್ತಿಕೊಂಡರು. ಅಷ್ಟು ಎತ್ತರದಲ್ಲಿ ಅದುವರೆಗೆ ಯಾವ ದೇಶದ ಸೇನೆಯೂ ಟ್ಯಾಂಕುಗಳನ್ನು ಬಳಸಿರಲಿಲ್ಲ. ಎದುರಾಳಿಗಳಿಗೆ ಈ ಯೋಚನೆಯೇ ಬರಲಾರದೆಂಬುದು ಯೋಜನೆಯ ಬಲವಾಗಿತ್ತು. ಆಗ ಪಶ್ಚಿಮ ಸೇನಾ ಕಮಾಂಡಿನ ಮುಖ್ಯಸ್ಥರಾಗಿದ್ದವರು ಕೊಡಗಿನವರೇ ಆದ ಲೆಫ್ಟಿನೆಂಟ್ ಜನರಲ್ ಕೆ. ಎಂ. ಕಾರ್ಯಪ್ಪನವರು.

ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ 7ನೇ ಲೈಟ್ ಕ್ಯಾವಲ್ರಿಗೆ ಸೇರಿದ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮು ಪ್ರದೇಶದಿಂದ ತರಿಸಲಾಯಿತು. ಗುಟ್ಟು ಬಯಲಾಗದಂತೆ ಅವುಗಳ ಮೇಲ್ಭಾಗದ ಗೋಪುರಗಳನ್ನು ಬಿಚ್ಚಿ, ಟಾರ್ಪಾಲಿನ್ ಹೊದಿಸಿ, ಬನಿಹಾಲ್ ಕಣಿವೆಮಾರ್ಗದ ಮೂಲಕ ಕಾಶ್ಮೀರಕ್ಕೆ ಸಾಗಿಸಲಾಯಿತು. ದಾರಿಯ ದುರ್ಬಲ ಸೇತುವೆಗಳನ್ನು ಬಲಪಡಿಸಬೇಕಾಯಿತು.

ಎಲ್ಲಕ್ಕಿಂತ ಕಠಿಣವಾದುದು ಬಾಲ್ಟಾಲಿನಿಂದ ಜೋಜಿ ಲಾ ವರೆಗಿನ ಏರು. ಅಲ್ಲಿದ್ದುದು ಹೇಸರಗತ್ತೆಗಳು ನಡೆಯುವ ಕಾಲುದಾರಿ ಮಾತ್ರ. ಅದನ್ನು ಟ್ಯಾಂಕುಗಳು ಏರಬಲ್ಲ ದಾರಿಯಾಗಿ ಅಗಲಿಸಿದವರು ಮೇಜರ್ ತಂಗರಾಜು ಅವರ ನೇತೃತ್ವದ ಮದ್ರಾಸ್ ಸ್ಯಾಪರ್ಸ್ ಯೋಧರು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವನ್ನು ಹೊಂದಿರುವ ಈ ಪಡೆಯವರು ದಕ್ಷಿಣದ ಬಯಲು ನಾಡುಗಳಿಂದ ಬಂದವರು. ಅವರಲ್ಲಿ ಹಲವರಿಗೆ ಹಿಮವೇ ಹೊಸದು. ಅವರು ಬಂಡೆಗಳನ್ನು ಸಿಡಿಸಿ, ಕೊರಕಲುಗಳನ್ನು ತುಂಬಿಸಿ ದಾರಿ ಮಾಡಿದರು. ಜೋಜಿ ಲಾ ವಿಜಯದಲ್ಲಿ ಬೆಂಗಳೂರಿನ ಪಾಲು ಇದೆಂಬುದನ್ನು ನಾಗರಿಕರು ಅವಶ್ಯ ತಿಳಿದಿರಬೇಕು.

1948ರ ನವೆಂಬರ್ 1

ಹವಾಮಾನವು ಪ್ರತಿಕೂಲವಾಗಿದ್ದ ಕಾರಣ ಅಕ್ಟೋಬರಿನಲ್ಲಿ ನಡೆಯಬೇಕಾಗಿದ್ದ ದಾಳಿಯನ್ನು ಮುಂದೂಡಲಾಯಿತು. ನವೆಂಬರ್ 1ರಂದು ಟ್ಯಾಂಕುಗಳು ಹಿಮ ಬಿದ್ದಿದ್ದ ದಾರಿಯಲ್ಲಿ ಕಣಿವೆಯನ್ನು ಏರಿದವು. ಡಿವಿಷನ್ನಿನ ನಾಯಕರಾದ ತಿಮ್ಮಯ್ಯನವರು ಹಿಂದಿನ ಕಚೇರಿಯಲ್ಲಿ ಕುಳಿತು ವರದಿಗಾಗಿ ಕಾಯದೆ, ಮುಂಚೂಣಿಯ ಟ್ಯಾಂಕಿನಲ್ಲಿಯೇ ಸಾಗಿದರು. ಅನಿರೀಕ್ಷಿತವಾಗಿ ಟ್ಯಾಂಕುಗಳನ್ನು ಕಂಡ ಎದುರಾಳಿಗಳು ಬಂಕರುಗಳನ್ನು ತೊರೆದು ಹಿಂದೆ ಸರಿದರು. ತಿಂಗಳುಗಟ್ಟಲೆ ಮುಚ್ಚಿದ್ದ ಕಣಿವೆಮಾರ್ಗವು ಒಂದೇ ದಿನದಲ್ಲಿ ತೆರೆಯಿತು.

ಮುಂದಿನ ದಾರಿಯೂ ಸುಗಮವಾಗಿರಲಿಲ್ಲ. ಕೊರೆಯುವ ಚಳಿಯಲ್ಲಿ ಪಡೆಗಳು ಮುನ್ನಡೆದು ನವೆಂಬರ್ ಮಧ್ಯಭಾಗದಲ್ಲಿ ದ್ರಾಸನ್ನೂ ನವೆಂಬರ್ 23ರಂದು ಕಾರ್ಗಿಲನ್ನೂ ಮರಳಿ ಪಡೆದವು. ಇದರ ಬೆನ್ನಲ್ಲೇ ಲೇಹ್ ಕಡೆಯಿಂದ ಬಂದ ಪಡೆಗಳೊಡನೆ ಸಂಪರ್ಕ ಏರ್ಪಟ್ಟಿತು. 1949ರ ಜನವರಿ 1ರಂದು ಕದನವಿರಾಮ ಜಾರಿಗೆ ಬಂದಾಗ ಲೇಹ್ ಭಾರತದಲ್ಲಿಯೇ ಉಳಿದಿತ್ತು.

ನಂತರದ ಸೇವೆ

ಕೊರಿಯಾ ಯುದ್ಧದ ನಂತರ, 1953ರಲ್ಲಿ ಯುದ್ಧಕೈದಿಗಳ ವಾಪಸಾತಿಗಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆಯನ್ನು ತಿಮ್ಮಯ್ಯನವರು ವಹಿಸಿದರು. 1954ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಲಾಯಿತು. 1957ರ ಮೇ ತಿಂಗಳಿನಿಂದ 1961ರ ಮೇ ತಿಂಗಳವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. 1959ರಲ್ಲಿ ರಕ್ಷಣಾ ಸಚಿವರೊಂದಿಗಿನ ಭಿನ್ನಾಭಿಪ್ರಾಯದಿಂದಾಗಿ ರಾಜೀನಾಮೆ ಸಲ್ಲಿಸಿ, ಪ್ರಧಾನಮಂತ್ರಿಗಳ ಕೋರಿಕೆಯ ಮೇರೆಗೆ ಹಿಂಪಡೆದರು.

ನಿವೃತ್ತಿಯ ನಂತರ ಕೊಡಗಿಗೆ ಮರಳಿದ ಅವರನ್ನು ವಿಶ್ವಸಂಸ್ಥೆಯು 1964ರಲ್ಲಿ ಸೈಪ್ರಸ್ ಶಾಂತಿಪಾಲನಾ ಪಡೆಯ ದಂಡನಾಯಕರನ್ನಾಗಿ ನೇಮಿಸಿತು. 1965ರ ಡಿಸೆಂಬರಿನಲ್ಲಿ, ಕರ್ತವ್ಯದಲ್ಲಿರುವಾಗಲೇ ಅವರು ಹೃದಯಾಘಾತದಿಂದ ನಿಧನರಾದರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಅಂತ್ಯಕ್ರಿಯೆ ನೆರವೇರಿಸಲಾಯಿತು. ಸೈಪ್ರಸ್ ದೇಶವು 1966ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಮಡಿಕೇರಿಯಲ್ಲಿ ಅವರು ಬಾಳಿದ ಸನ್ನಿ ಸೈಡ್ ಮನೆಯನ್ನು ಸ್ಮಾರಕ ವಸ್ತುಸಂಗ್ರಹಾಲಯವಾಗಿ ರೂಪಿಸಲಾಗಿದ್ದು, 2021ರ ಫೆಬ್ರವರಿಯಲ್ಲಿ ಅಂದಿನ ರಾಷ್ಟ್ರಪತಿಗಳು ಅದನ್ನು ಉದ್ಘಾಟಿಸಿದರು.

ಚಾರಣಕ್ಕೆ ತೆರಳುವವರ ಗಮನಕ್ಕೆ

ಜೋಜಿ ಲಾ ಘಟನೆಯನ್ನು ಕೇವಲ ಧೈರ್ಯದ ಕಥೆಯೆಂದು ಓದಿದರೆ ಅದರ ಅರ್ಧ ಭಾಗ ಮಾತ್ರ ತಿಳಿದಂತೆ. ಸೆಪ್ಟೆಂಬರಿನಲ್ಲಿ ವಿಫಲರಾದ ಯೋಧರಲ್ಲಿ ಧೈರ್ಯದ ಕೊರತೆಯಿರಲಿಲ್ಲ. ನವೆಂಬರಿನಲ್ಲಿ ಕಣಿವೆಮಾರ್ಗವು ತೆರೆದದ್ದು ವಾರಗಟ್ಟಲೆ ನಡೆದ ಸಿದ್ಧತೆಯಿಂದ, ಹವಾಮಾನ ಸರಿಯಿಲ್ಲದಾಗ ದಿನಾಂಕವನ್ನು ಮುಂದೂಡಿದ ತಾಳ್ಮೆಯಿಂದ ಹಾಗೂ ಹೆಸರು ಕಾಣದ ಅನೇಕರು ಕಡಿದ ದಾರಿಯಿಂದ.

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮೀರುವುದಿಲ್ಲ. ಆದ್ದರಿಂದ ಇಲ್ಲಿನ ಬೆಟ್ಟಗಳನ್ನು ಸುಲಭವಾಗಿ ಏರಬಲ್ಲವರೂ ಹಿಮಾಲಯದಲ್ಲಿ ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಅವಶ್ಯ:

1. ಸುಮಾರು 2,500 ಮೀಟರ್ ದಾಟಿದ ನಂತರ ಎತ್ತರದ ಕಾಯಿಲೆಯು ಯಾರಿಗೂ ಬರಬಹುದು. ವಯಸ್ಸು ಮತ್ತು ದೇಹಬಲ ಅದನ್ನು ತಡೆಯುವುದಿಲ್ಲ.

2. 3,500 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕವು ಸಮುದ್ರ ಮಟ್ಟದ ಮೂರನೇ ಎರಡರಷ್ಟು ಮಾತ್ರ. ವಿಮಾನದಲ್ಲಿ ನೇರವಾಗಿ ಲೇಹ್ ತಲುಪಿದವರು ಮೊದಲ ಎರಡು ದಿನ ವಿಶ್ರಾಂತಿ ಪಡೆಯತಕ್ಕದ್ದು.

3. 3,000 ಮೀಟರ್ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ಉಳಿಯಬೇಕು.

4. ತಲೆನೋವು, ವಾಕರಿಕೆ, ನಿದ್ರಾಹೀನತೆ ಕಂಡುಬಂದಲ್ಲಿ ಮೇಲೇರಬಾರದು. ವಿಶ್ರಾಂತಿಯಲ್ಲಿಯೂ ಏದುಸಿರು, ತಡೆಯಿಲ್ಲದ ಕೆಮ್ಮು, ನಡಿಗೆಯಲ್ಲಿ ತೂರಾಟ ಅಥವಾ ಗೊಂದಲ ಕಂಡುಬಂದಲ್ಲಿ ರೋಗಿಯನ್ನು ಒಂಟಿಯಾಗಿ ಬಿಡದೆ ತಕ್ಷಣ ಕೆಳಗಿಳಿಸಬೇಕು.

5. ಸ್ಥಳೀಯ ಮಾರ್ಗದರ್ಶಕರು ಹವಾಮಾನದ ಕಾರಣ ಹಿಂತಿರುಗಲು ಸೂಚಿಸಿದಲ್ಲಿ ಮರುಮಾತಿಲ್ಲದೆ ಪಾಲಿಸುವುದು.

ಕಣಿವೆಮಾರ್ಗವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಅದನ್ನು ದಾಟಲು ಹೊರಡುವವರು ಎಲ್ಲರೂ ಕ್ಷೇಮವಾಗಿ ಹಿಂತಿರುಗುವಂತೆ ಸಿದ್ಧರಾಗಿ ಹೊರಡುವುದೇ ಜನರಲ್ ತಿಮ್ಮಯ್ಯನವರಿಗೆ ಸಲ್ಲಿಸಬಹುದಾದ ಸೂಕ್ತ ಗೌರವವಾಗಿದೆ.