ಕೈಗೆ ಅಂಟದಿದ್ದರೆ ಸ್ಕ್ರೀನ್ ಒಣಗಿದಂತೆಯೇ? ಟಾಲ್ಬಟ್ ಬದುಕಿನಿಂದ ಒಂದು ಪಾಠ

ಮಳೆಗಾಲದಲ್ಲಿ ಭಟ್ಕಳ, ಹೊನ್ನಾವರ ಅಥವಾ ಕುಮಟಾದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರಿಗೆ ಈ ತೊಂದರೆ ಹೊಸದಲ್ಲ. ಇಮಲ್ಷನ್ ಬಳಿದ ಸ್ಕ್ರೀನ್ ಕೈಗೆ ಅಂಟುವುದಿಲ್ಲ, ಹಾಗಾಗಿ ಒಣಗಿದೆ ಎಂದುಕೊಳ್ಳುತ್ತೇವೆ. ಫಿಲ್ಮ್ ಇಟ್ಟು ಬೆಳಕಿಗೆ ಒಡ್ಡಿ ತೊಳೆದರೆ ಅಕ್ಷರದ ಅಂಚು ಕಿತ್ತು ಬರುತ್ತದೆ. ಇಲ್ಲವೇ ಮದುವೆ ಕಾಗದ ಅರ್ಧ ಮುಗಿಯುವಷ್ಟರಲ್ಲಿ ಸ್ಕ್ರೀನ್‌ನಲ್ಲಿ ತೂತು ಕಾಣುತ್ತದೆ. ಬೆಳಕು ಸಾಲಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಇಡಬೇಕಿತ್ತು ಎಂಬ ಸಲಹೆ ಆಗ ಸಿಗುತ್ತದೆ. ಇದು ಎಷ್ಟು ನಿಜ? ಉತ್ತರಕ್ಕಾಗಿ ಈ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರ ಬದುಕನ್ನು ನೋಡೋಣ.

ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1800ರ ಫೆಬ್ರವರಿ 11ರಂದು. ಆರು ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. ಕೇಂಬ್ರಿಡ್ಜ್‌ನಲ್ಲಿ ಓದಿದ ಟಾಲ್ಬಟ್ ಒಳ್ಳೆಯ ಗಣಿತಜ್ಞರಾದರು, 1831ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಆದರೆ ಅವರಿಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. 1833ರಲ್ಲಿ ಇಟಲಿಯ ಕೋಮೊ ಸರೋವರದ ದಡದಲ್ಲಿ ಕುಳಿತು, ಉಪಕರಣದ ನೆರವಿದ್ದರೂ ದೃಶ್ಯವನ್ನು ಕಾಗದಕ್ಕಿಳಿಸಲಾಗದೆ ಸೋತರು. ಬೆಳಕೇ ಚಿತ್ರ ಬರೆಯುವಂತಾದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಅಲ್ಲಿ.

1835ರಲ್ಲಿ ತಮ್ಮ ಲೇಕಾಕ್ ಅಬೆ ಮನೆಯ ಕಿಟಕಿಯ ಪುಟ್ಟ ನೆಗೆಟಿವ್ ತೆಗೆದರು. 1839ರಲ್ಲಿ ಫ್ರಾನ್ಸಿನ ಡಾಗೇರ್ ಅವರ ವಿಧಾನ ಮೊದಲು ಘೋಷಣೆಯಾಯಿತು. ಟಾಲ್ಬಟ್ 1841ರಲ್ಲಿ ಕ್ಯಾಲೊಟೈಪ್ ವಿಧಾನಕ್ಕೆ ಪೇಟೆಂಟ್ ಪಡೆದರು. ಒಂದು ನೆಗೆಟಿವ್‌ನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಿತ್ತು. ಆದರೆ ಆ ಪ್ರತಿಗಳು ವರ್ಷ ಕಳೆದಂತೆ ಮಾಸುತ್ತಿದ್ದವು. ಮಾಸದ ಚಿತ್ರ ಬೇಕೆಂದರೆ ಅದನ್ನು ಮುದ್ರಣದ ಶಾಯಿಯಲ್ಲೇ ಅಚ್ಚು ಹಾಕಬೇಕು ಎಂದು ಅವರು ಕಂಡುಕೊಂಡರು.

ಡೈಕ್ರೋಮೇಟ್ ಹಚ್ಚಿದ ಕಾಗದದ ಬಣ್ಣ ಬೆಳಕಿಗೆ ಬದಲಾಗುತ್ತದೆ ಎಂದು ಸ್ಕಾಟ್ಲೆಂಡಿನ ಮಂಗೊ ಪಾಂಟನ್ 1839ರಲ್ಲೇ ತಿಳಿಸಿದ್ದರು. ಟಾಲ್ಬಟ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಜೆಲಟಿನ್‌ಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಬೆರೆಸಿ ಲೋಹದ ಫಲಕಕ್ಕೆ ಬಳಿದು ಬೆಳಕಿಗೆ ಒಡ್ಡಿದರು. ಬೆಳಕು ಬಿದ್ದ ಭಾಗ ಗಟ್ಟಿಯಾಯಿತು, ಬೀಳದ ಭಾಗ ನೀರಿನಲ್ಲಿ ಕರಗಿತು. 1852ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಸ್ಕ್ರೀನ್ ತೊಳೆಯುವಾಗ ಇಂದು ನಡೆಯುವುದೂ ಇದೇ.

1858ರಲ್ಲಿ ಅವರು ಈ ವಿಧಾನವನ್ನು ಸುಧಾರಿಸಿದರು. ಜೆಲಟಿನ್ ಬಳಿದ ಫಲಕವನ್ನು ಮಟ್ಟಸವಾಗಿ ಮಲಗಿಸಿ, ಕೆಳಗೆ ಸ್ಪಿರಿಟ್ ದೀಪ ಇಟ್ಟು ಹದವಾದ ಬಿಸಿಯಲ್ಲಿ ಒಣಗಿಸುತ್ತಿದ್ದರು. ಎಲ್ಲ ಕಡೆ ಒಂದೇ ಸಮನೆ ಹಳದಿಯಾಗಿ ಒಣಗಿದ ಮೇಲೆಯೇ ಮುಂದಿನ ಕೆಲಸ.

ಬದುಕಿನಲ್ಲಿ ಕಹಿಯೂ ಇತ್ತು. ಪೇಟೆಂಟ್‌ಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಕ್ಕೆ ಟೀಕೆ ಕೇಳಬೇಕಾಯಿತು. ಹೊಸ ವಿಧಾನವೊಂದು ತಮ್ಮ ಪೇಟೆಂಟ್ ವ್ಯಾಪ್ತಿಗೇ ಬರುತ್ತದೆಂದು ಹೂಡಿದ ಮೊಕದ್ದಮೆಯಲ್ಲಿ 1854ರಲ್ಲಿ ಸೋತರು. ಆದರೂ ಪ್ರಯೋಗ ಬಿಡಲಿಲ್ಲ. 1877ರ ಸೆಪ್ಟೆಂಬರ್ 17ರಂದು ಲೇಕಾಕ್‌ನಲ್ಲಿ ತೀರಿಕೊಂಡರು.

ಈಗ ನಮ್ಮ ಕರಾವಳಿಗೆ ಮರಳೋಣ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗೆ ಮುನ್ನ ಹಲಸಿನ ಹಪ್ಪಳ ಒಣಗಿಸುವವರಿಗೆ ಗೊತ್ತು: ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದರೆ ಡಬ್ಬದಲ್ಲಿ ಬೂಸ್ಟು ಹಿಡಿಯುತ್ತದೆ. ಇಮಲ್ಷನ್ ಕತೆಯೂ ಹೀಗೆಯೇ. ಮೇಲ್ಪದರ ಒಣಗಿದ್ದರೂ ಎಳೆಗಳ ನಡುವೆ ನೀರು ಉಳಿದಿರುತ್ತದೆ. ಇಂದಿನ ಡಯಾಝೋ ಇಮಲ್ಷನ್‌ನಲ್ಲಿ ಆ ನೀರು ಇದ್ದರೆ, ಅಣುಗಳನ್ನು ಪರಸ್ಪರ ಬೆಸೆಯಬೇಕಾದ ಡಯಾಝೋದ ಒಂದಷ್ಟು ಭಾಗ ನೀರಿನೊಂದಿಗೇ ಪ್ರತಿಕ್ರಿಯಿಸಿ ವ್ಯರ್ಥವಾಗುತ್ತದೆ. ಬೆಳಕು ಹೆಚ್ಚಿಸಿದರೆ ಆ ನಷ್ಟ ತುಂಬುವುದಿಲ್ಲ. ಬದಲಿಗೆ ಸಣ್ಣ ಅಕ್ಷರಗಳು ಮುಚ್ಚಿಹೋಗುತ್ತವೆ.

ಹಾಗಾದರೆ ಏನು ಮಾಡಬೇಕು? ಬೆಳಕು ಬೀಳದ ಕಡೆ, ಕಾಗದಕ್ಕೆ ತಾಗುವ ಬದಿ ಕೆಳಗಾಗುವಂತೆ ಸ್ಕ್ರೀನ್ ಮಲಗಿಸಿ. ಆಗ ಪದರ ಆ ಬದಿಯಲ್ಲಿ ಸಮನಾಗಿ ಕೂರುತ್ತದೆ. ಫ್ಯಾನ್ ಒಂದೇ ಸಾಲದು, ಅದು ಅದೇ ತೇವದ ಗಾಳಿಯನ್ನು ತಿರುಗಿಸುತ್ತಿರುತ್ತದೆ. ಚಿಕ್ಕ ಕಪಾಟಿನಲ್ಲಿ ಡಿಹ್ಯುಮಿಡಿಫೈಯರ್ ಇಟ್ಟರೆ ಒಳ್ಳೆಯದು. ಉಷ್ಣಾಂಶ 30ರಿಂದ 40 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 50ಕ್ಕಿಂತ ಕಡಿಮೆ ಇರಲಿ. ಹೆಚ್ಚು ಬಿಸಿ ಮಾಡಿದರೆ ಬೆಳಕಿಲ್ಲದೆಯೇ ಪದರ ಗಟ್ಟಿಯಾಗಬಹುದು. ಮುಟ್ಟಿದಾಗ ಒಣ ಸ್ಕ್ರೀನ್‌ಗಿಂತ ತಣ್ಣಗಿದ್ದರೆ ನೀರು ಇನ್ನೂ ಆವಿಯಾಗುತ್ತಿದೆ ಎಂದರ್ಥ.

ಕೊನೆಗೊಂದು ಎಚ್ಚರಿಕೆ. ಟಾಲ್ಬಟ್ ಬಳಸಿದ ಡೈಕ್ರೋಮೇಟ್ ಈಗಲೂ ಎಲ್ಲಾದರೂ ಬಳಕೆಯಲ್ಲಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಅದು ಚರ್ಮದಲ್ಲಿ ಹುಣ್ಣು, ಅಲರ್ಜಿ ಉಂಟುಮಾಡುತ್ತದೆ. ಅದರಲ್ಲಿರುವ ಬಗೆಯ ಕ್ರೋಮಿಯಂ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಟಾಲ್ಬಟ್ ಅವರಿಂದ ನಾವು ಕಲಿಯಬೇಕಾದ್ದು ಅವರು ಬಳಸಿದ ರಾಸಾಯನಿಕವನ್ನಲ್ಲ, ಪದರ ಪೂರ್ತಿ ಒಣಗುವವರೆಗೆ ಕಾದ ತಾಳ್ಮೆಯನ್ನು.